ಸಾರಿನ ಪುಡಿಯ ಹೆಸರು ಯಾರದು?

ಸೋದರಿಯರೇ, ಸಾರಿನ ಪುಡಿಗೆ ಕೊತ್ತಂಬರಿ ಬೀಜ ಎಷ್ಟು ಹುರಿಯಬೇಕು, ಮೆಂತ್ಯ ಎಷ್ಟು ಕೆಂಪಗಾಗಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ಪುಡಿಯನ್ನು ಪೊಟ್ಟಣ ಕಟ್ಟಿ, ಮೇಲೊಂದು ಚೀಟಿ ಅಂಟಿಸಿ ಅಂಗಡಿಗೆ ಕೊಡುತ್ತೀರಲ್ಲ, ಆ ಚೀಟಿಯ ಮೇಲಿನ ಹೆಸರು ಯಾರದೆಂದು ಯೋಚಿಸಿದ್ದೀರಾ? "ಇದೇನ್ರೀ ಪ್ರಶ್ನೆ! ನಾನಿಟ್ಟ ಹೆಸರು, ನಂದೇ ತಾನೆ?" ಅನ್ನುತ್ತೀರಿ. ನನ್ನ ಪರಿಚಯದ ಒಬ್ಬಾಕೆಯೂ ಹಾಗೇ ಅಂದುಕೊಂಡಿದ್ದರು.

ಆರು ವರ್ಷ ಆಕೆಯ ಪುಡಿ ಪೇಟೆಯ ಒಂದು ಅಂಗಡಿಗೆ ವಾರವಾರವೂ ಹೋಗುತ್ತಿತ್ತು. ಒಂದು ದಿನ ಅಂಗಡಿಯಾತ "ಈಗ ಬೇಡಮ್ಮ, ಮಾಲಿದೆ" ಅಂದ. ತಿಂಗಳು ಕಳೆದು ನೋಡಿದರೆ ಅದೇ ಹೆಸರು, ಅದೇ ಹಳದಿ ಚೀಟಿ, ಒಳಗಿನ ಪುಡಿ ಮಾತ್ರ ಬೇರೆ! ಕೇಳಿದ್ದಕ್ಕೆ, "ಹೆಸರಿಗೆ ನಾವು ಅರ್ಜಿ ಹಾಕಿದೀವಿ. ನಿಮ್ಮ ಹತ್ರ ಕಾಗದ ಏನಿದೆ?" ಎಂಬ ಉತ್ತರ. ಆಕೆ ಆಹಾರ ಇಲಾಖೆಯ ಪರವಾನಗಿ ತೋರಿಸಿದರು. ಅಯ್ಯೋ, ಅದು ತಿನ್ನುವ ಪದಾರ್ಥ ಮಾಡಿ ಮಾರಲು ಕೊಡುವ ಅನುಮತಿ. ಹೆಸರಿನ ಒಡೆತನಕ್ಕೂ ಅದಕ್ಕೂ ಸಂಬಂಧವಿಲ್ಲ. ಜಿಎಸ್‌ಟಿ ನಂಬರೂ ಅಷ್ಟೆ. ಹೆಸರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್ ನೋಂದಣಿ.

ಹಾಗೆಂದು ಆಕೆಯ ಕೈ ಪೂರ್ತಿ ಬರಿದಾಗಿರಲಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯಿದೆ, ಒಂದು ಹೆಸರನ್ನು ಮೊದಲಿನಿಂದ ಬಿಡದೆ ಬಳಸುತ್ತ ಬಂದವರಿಗೆ ರಕ್ಷಣೆ ಕೊಡುತ್ತದೆ. ಬೇರೆಯವರ ಅರ್ಜಿ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಆದರೆ ಮೊದಲು ಬಳಸಿದ್ದು ತಾನೇ ಎಂದು ತೋರಿಸಬೇಕಲ್ಲ! ನಂಬಿಕೆಯ ಮೇಲೆ ನಡೆದ ವ್ಯಾಪಾರ. ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ. ಕೊನೆಗೆ ಸಿಕ್ಕಿದ್ದು ಚೀಟಿ ಅಚ್ಚು ಹಾಕಿಸಿದ ಪ್ರೆಸ್ಸಿನ ಎರಡು ಹಳೆಯ ಬಿಲ್ಲು, ತಾರೀಕು ಹೆಸರು ಎರಡೂ ಇದ್ದವು. ಅದನ್ನೇ ಹಿಡಿದು ತಕರಾರು ಹಾಕಿದ್ದಾರೆ. ಇನ್ನೂ ಇತ್ಯರ್ಥವಾಗಿಲ್ಲ. ನೀವಾದರೋ ಇಂದಿನಿಂದಲೇ ಬಿಲ್ಲು ಬರೆಯಿರಿ, ಚೀಟಿಯ ಮಾದರಿಗಳನ್ನು ತಾರೀಕಿನೊಡನೆ ಎತ್ತಿಡಿ.

ನೋಂದಣಿ ನೀವು ಹೆದರುವಷ್ಟು ದುಬಾರಿಯೇನಲ್ಲ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಕಂಪ್ಯೂಟರಿನ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ; ಕಾಗದದಲ್ಲಿ ಹಾಕಿದರೆ 5,000. ನಮ್ಮ ರಾಜ್ಯದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಅದಕ್ಕಾಗಿ ರೈಲು ಹತ್ತಬೇಕಾಗಿಲ್ಲ. ವರ್ಗ ಎಂದೆನಲ್ಲ, ಸರಕುಗಳನ್ನು ಅಂಕಿ ಹಾಕಿ ಗುಂಪು ಮಾಡಿದ್ದಾರೆ. ಮಸಾಲೆ ಪುಡಿ 30ನೆಯದರಲ್ಲಿ, ಉಪ್ಪಿನಕಾಯಿ 29ರಲ್ಲಿ. ಎರಡನ್ನೂ ಮಾರುವವರು ಎರಡಕ್ಕೂ ಶುಲ್ಕ ಕಟ್ಟಬೇಕು. ಸಿಕ್ಕಿದ ನೋಂದಣಿ ಹತ್ತು ವರ್ಷದ್ದು, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಆಮೇಲೆ ನವೀಕರಿಸುತ್ತ ಹೋಗಬಹುದು.

ಹೆಸರಿನಲ್ಲೇ ಅನೇಕರು ಎಡವುವುದು. 'ಶುದ್ಧ ಸಾರಿನ ಪುಡಿ', 'ರುಚಿಕರ ಉಪ್ಪಿನಕಾಯಿ' ಎಂದರೆ ಅದು ಹೆಸರೇ ಅಲ್ಲ, ವರ್ಣನೆ. ಎಲ್ಲರೂ ಆಡುವ ಮಾತನ್ನು ಒಬ್ಬರ ಪಾಲಿಗೆ ಬರೆದುಕೊಡಲು ಕಚೇರಿ ಸುಲಭವಾಗಿ ಒಪ್ಪದು. ಪದಾರ್ಥಕ್ಕೆ ಸಂಬಂಧವೇ ಇಲ್ಲದ ಹೆಸರು ಗಟ್ಟಿ. ಮುಂಬಯಿಯಲ್ಲಿ 1959ರಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಶುರುಮಾಡಿದ ಹಪ್ಪಳದ ಉದ್ಯಮವನ್ನು ಇಂದಿಗೂ ಜನ ಗುರುತಿಸುವುದು 'ಲಿಜ್ಜತ್' ಎಂಬ ಆ ಒಂದು ಮಾತಿನಿಂದ ತಾನೆ? ಹೆಸರು ಆರಿಸಿದ ಮೇಲೆ, ಅದನ್ನು ಇನ್ನೊಬ್ಬರು ಆಗಲೇ ಪಡೆದಿದ್ದಾರೋ ಎಂದು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಿ ನೋಡಬಹುದು. ಸಾವಿರ ಚೀಟಿ ಅಚ್ಚು ಹಾಕಿಸುವ ಮೊದಲೇ ನೋಡಿ! ಇನ್ನು, ಹೆಸರಿನ ಪಕ್ಕ 'ಟಿಎಂ' ಎಂದು ಯಾರು ಬೇಕಾದರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ಅಕ್ಷರ ಮಾತ್ರ ನೋಂದಣಿ ಆದ ಮೇಲೆಯೇ. ಮೊದಲೇ ಹಾಕಿದರೆ ಕಾನೂನಿಗೆ ವಿರುದ್ಧ.

ಕಡೆಯದಾಗಿ ಒಂದು ಮಾತು, ಮನಸ್ಸಿಗೆ ತಗೋಬೇಡಿ. ಅರ್ಜಿಯಲ್ಲಿ ಮಾಲೀಕರ ಹೆಸರು ಬರೆಯುವ ಜಾಗವಿದೆ. ಮಗ ಕಂಪ್ಯೂಟರಿನ ಮುಂದೆ ಕೂತು "ಅಪ್ಪನ ಹೆಸರು ಹಾಕ್ತೀನಮ್ಮ, ಆಧಾರ್ ಕೈಯಲ್ಲೇ ಇದೆ" ಅನ್ನುತ್ತಾನೆ. ನೀವೂ ಕೈ ಒರೆಸಿಕೊಳ್ಳುತ್ತ "ಯಾರದಾದರೇನೋ, ಹಾಕು" ಅಂದುಬಿಡುತ್ತೀರಿ. ಮನೆಯವರ ಮೇಲೆ ಅನುಮಾನ ಪಡಿ ಎನ್ನುತ್ತಿಲ್ಲ. ಆದರೆ ಕಾನೂನಿನ ಕಣ್ಣಿಗೆ ಕಾಣುವುದು ಆ ಸಾಲಿನಲ್ಲಿರುವವರು ಮಾತ್ರ. ಆ ಹೆಸರನ್ನು ಮಾರುವವರೂ ಅವರೇ, ಇನ್ನೊಬ್ಬರಿಗೆ ಬಳಸಲು ಕೊಡುವವರೂ ಅವರೇ. ನಾಳೆ ಆಸ್ತಿ ಪಾಲಾದರೆ ನಿಮ್ಮ ಪುಡಿಯ ಹೆಸರೂ ಅದರಲ್ಲಿ ಸೇರಬಹುದು. ಆಮೇಲೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಅವರಿಂದ ಹಸ್ತಾಂತರದ ಪತ್ರ ಬರೆಸಿ, ಮತ್ತೊಂದು ಅರ್ಜಿ ಹಾಕಿ, ಮತ್ತೆ ಶುಲ್ಕ ಕಟ್ಟಬೇಕು. ಆದ್ದರಿಂದ ಆ ಸಾಲು ತುಂಬುವಾಗ ಒಲೆ ಆರಿಸಿ ಬಂದು ಮಗನ ಪಕ್ಕದಲ್ಲಿ ಕೂತುಕೊಳ್ಳಿ, ನಿಮ್ಮ ಆಧಾರ್ ಕೈಯಲ್ಲಿ ಹಿಡಿದು.