ರಕ್ತದ ವರದಿ ಜಾತಕವಲ್ಲ



ನನ್ನ ಓರಗೆಯವರ ಮನೆಗಳಿಂದ ಈಚೆಗೆ ಪಾರ್ಶ್ವವಾಯುವಿನ ಸುದ್ದಿ ಮೇಲಿಂದ ಮೇಲೆ ಬರುತ್ತಿದೆ. ಹಳೆಯ ವಿದ್ಯಾರ್ಥಿಗಳು ತಂದೆಯನ್ನೋ ತಾಯಿಯನ್ನೋ ಆಸ್ಪತ್ರೆಗೆ ಸೇರಿಸಿದ ಮೇಲೆ ರಕ್ತಪರೀಕ್ಷೆಯ ವರದಿಯನ್ನು ನನಗೂ ಕಳುಹಿಸಿ, "ಮೇಷ್ಟ್ರೇ, ಸಿಆರ್‌ಪಿ ಹೆಚ್ಚಿದೆಯಂತೆ. ಅಪ್ಪ ಮತ್ತೆ ನಡೆದಾರೆಯೇ?" ಎಂದು ಕೇಳುತ್ತಾರೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಆದರೆ ಈ ಪ್ರಶ್ನೆಯ ಬೆನ್ನು ಹಿಡಿದು ಓದಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳ ಒಡೆದು ರಕ್ತಸ್ರಾವವಾಗುವುದು ಒಂದು. ರಕ್ತದ ಹೆಪ್ಪು ನಾಳವನ್ನು ಮುಚ್ಚಿ ಮಿದುಳಿನ ಒಂದು ಭಾಗಕ್ಕೆ ರಕ್ತ ತಲುಪದಿರುವುದು ಇನ್ನೊಂದು. ಹೆಚ್ಚಾಗಿ ಕಾಣುವ ಈ ಎರಡನೆಯದನ್ನು ಇಸ್ಕೀಮಿಕ್ ಸ್ಟ್ರೋಕ್ ಎನ್ನುತ್ತಾರೆ. ಆಗ ದೇಹದಲ್ಲಾಗುವ ಬದಲಾವಣೆಗಳ ಗುರುತು ರಕ್ತದಲ್ಲಿ ಕಾಣುತ್ತದೆ. ಉರಿಯೂತ ಹೆಚ್ಚಿದರೆ ಸಿಆರ್‌ಪಿ ಮತ್ತು ಇಂಟರ್‌ಲ್ಯೂಕಿನ್-6 ಏರುತ್ತವೆ. ಹೃದಯದ ಮೇಲೆ ಹೊರೆ ಬಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ಏರುತ್ತದೆ. ನರತಂತುಗಳು ನಾಶವಾದರೆ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು 362 ರೋಗಿಗಳ ಅಧ್ಯಯನವೊಂದನ್ನು 2009ರಲ್ಲಿ ಪ್ರಕಟಿಸಿದರು. ದೇಹಕ್ಕಾದ ಆಘಾತವನ್ನು ಸೂಚಿಸುವ ಕೊಪೆಪ್ಟಿನ್ ಎಂಬ ಅಂಶ ಹೆಚ್ಚಿದ್ದವರಲ್ಲಿ 90 ದಿನಗಳ ನಂತರದ ಸ್ಥಿತಿ ಕೆಟ್ಟದಾಗಿರುವ ಸಂಭವ ಹೆಚ್ಚು ಎಂದು ಅದರಲ್ಲಿ ಕಂಡುಬಂದಿತು.

ಇವೆಲ್ಲ ಬೆಲೆಯುಳ್ಳ ಸಂಶೋಧನೆಗಳೇ. ಆದರೆ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಹಾಸಿಗೆಯ ಬಳಿ ನಿಂತ ವೈದ್ಯರಿಗೆ ಈಗಾಗಲೇ ತಿಳಿದಿರುವುದಕ್ಕಿಂತ ಹೆಚ್ಚಿನದೇನನ್ನು ಈ ಪರೀಕ್ಷೆಗಳು ಹೇಳುತ್ತವೆ? ಎಡಿನ್‌ಬರೋ ನಗರದ ಸಂಶೋಧಕರು ಇದನ್ನೇ ಪರೀಕ್ಷಿಸಿ 2012ರಲ್ಲಿ ಉತ್ತರ ಕೊಟ್ಟರು. ಇಂಟರ್‌ಲ್ಯೂಕಿನ್-6 ಮತ್ತು ಎನ್‌ಟಿ-ಪ್ರೊಬಿಎನ್‌ಪಿಗಳಿಗೂ ರೋಗಿಯ ಮುಂದಿನ ಸ್ಥಿತಿಗೂ ಸಂಬಂಧವಿದ್ದರೂ, ರೋಗಿಯ ವಯಸ್ಸು ಮತ್ತು ಆಘಾತದ ತೀವ್ರತೆಯಿಂದ ತಿಳಿಯುವುದಕ್ಕೆ ಅವು ಹೇಳಿಕೊಳ್ಳುವಂಥದ್ದೇನನ್ನೂ ಸೇರಿಸಲಿಲ್ಲ.

ಇದಕ್ಕೂ ಮೊದಲು, 2002ರಲ್ಲಿ, ಬ್ರಿಟನ್ನಿನ ವೈದ್ಯರು ಆರೇ ಆರು ಸರಳ ಪ್ರಶ್ನೆಗಳ ಒಂದು ವಿಧಾನವನ್ನು ಪ್ರಕಟಿಸಿದ್ದರು. ರೋಗಿಯ ವಯಸ್ಸೆಷ್ಟು? ಮೊದಲು ಒಬ್ಬರೇ ವಾಸವಾಗಿದ್ದರೇ? ತಮ್ಮ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರೇ? ಈಗ ಸ್ಪಷ್ಟವಾಗಿ ಮಾತನಾಡಬಲ್ಲರೇ? ತೋಳುಗಳನ್ನು ಎತ್ತಬಲ್ಲರೇ? ನೆರವಿಲ್ಲದೆ ನಡೆಯಬಲ್ಲರೇ? ಆರು ತಿಂಗಳ ನಂತರ ರೋಗಿ ಸ್ವತಂತ್ರವಾಗಿ ಬದುಕುವ ಸಾಧ್ಯತೆಯನ್ನು ಇವುಗಳಿಂದಲೇ ಸಾಕಷ್ಟು ಚೆನ್ನಾಗಿ ಅಂದಾಜು ಮಾಡಬಹುದು. ಒಂದು ತೊಟ್ಟು ರಕ್ತವೂ ಬೇಕಿಲ್ಲ.

ಆದರೂ ಅದು ಅಂದಾಜೇ. ಶಿಕ್ಷಕನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ, ಅರವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಎಷ್ಟು ಮಂದಿ ಉತ್ತೀರ್ಣರಾಗುತ್ತಾರೆಂದು ನಾನು ಹೇಳಬಲ್ಲವನಾಗಿದ್ದೆ. ಆದರೆ ಮೂರನೆಯ ಬೆಂಚಿನ ಈ ಹುಡುಗ ಏನಾಗುತ್ತಾನೆಂದು ಹೇಳಬಲ್ಲವನಾಗಿರಲಿಲ್ಲ. "ಇವನಿಂದಾಗದು" ಎಂದು ಕೈಬಿಟ್ಟ ಹುಡುಗ ನಪಾಸಾದರೆ, ನಮ್ಮ ಭವಿಷ್ಯವಾಣಿ ನಿಜವಾಯಿತೋ, ನಾವೇ ಅದನ್ನು ನಿಜ ಮಾಡಿದೆವೋ?

ನನ್ನ ಬಂಧುಗಳೊಬ್ಬರ ಮನೆಯಲ್ಲಿ ಆದದ್ದು ಇದೇ. ವರದಿಯ ಅಂಕಿಗಳು ಚೆನ್ನಾಗಿಲ್ಲವೆಂದು ಯಾರೋ ಹೇಳಿದ ಒಂದು ಮಾತಿಗೆ ಮನೆಯವರು ಅಧೀರರಾದರು. "ವಯಸ್ಸಾದ ಜೀವ, ಸುಮ್ಮನೆ ಯಾಕೆ ನೋಯಿಸುವುದು" ಎಂದು ಎರಡನೆಯ ವಾರದಲ್ಲೇ ಫಿಸಿಯೋಥೆರಪಿ ನಿಲ್ಲಿಸಿದರು. ಚೇತರಿಕೆ ಹೆಚ್ಚು ವೇಗವಾಗಿ ಆಗುವುದು ಮೊದಲ ಕೆಲವು ತಿಂಗಳುಗಳಲ್ಲಿ; ಅವು ಹಾಸಿಗೆಯಲ್ಲೇ ಕಳೆದುಹೋದವು. ವ್ಯಾಯಾಮ ಮುಂದುವರಿಸಿದ್ದರೆ ಅವರು ಎದ್ದು ನಡೆಯುತ್ತಿದ್ದರೆಂದು ಯಾರೂ ಹೇಳಲಾರರು. ಆದರೆ ಆ ಅವಕಾಶವೇ ಅವರಿಗೆ ದೊರೆಯಲಿಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಹಾಗೆಂದು ರಕ್ತಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸಕ್ಕರೆಯ ಪ್ರಮಾಣ ತೀರಾ ಇಳಿದಾಗಲೂ ಪಾರ್ಶ್ವವಾಯುವಿನಂಥ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದ್ದರಿಂದ ಹೆಪ್ಪು ಕರಗಿಸುವ ಔಷಧ ಕೊಡುವ ಮುನ್ನ ಸಕ್ಕರೆಯ ಪರೀಕ್ಷೆ ಆಗಲೇಬೇಕು. ಆ ಔಷಧಕ್ಕೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ ಮಾತ್ರ. ಸಿಆರ್‌ಪಿ ಏರುತ್ತಿದ್ದರೆ ಶ್ವಾಸಕೋಶದ ಸೋಂಕು ಇರಬಹುದೆಂಬ ಎಚ್ಚರಿಕೆ ಅದು. ನುಂಗುವ ಶಕ್ತಿ ಕುಂದಿದವರಿಗೆ ಪ್ರೀತಿಯಿಂದ ಕಾಫಿಯನ್ನೋ ನೀರನ್ನೋ ಕುಡಿಸಿದರೆ ಅದು ಶ್ವಾಸಕೋಶ ಸೇರಿ ಇಂಥ ಸೋಂಕಾಗುತ್ತದೆ. ಹೀಗೆ, ಯಾವ ಅಂಕಿಯಿಂದ ಒಂದು ಚಿಕಿತ್ಸೆ ನಿರ್ಧಾರವಾಗುತ್ತದೆಯೋ ಆ ಅಂಕಿ ಉಪಯುಕ್ತ. ಬರಿದೇ ಭವಿಷ್ಯ ಕೇಳುವುದಕ್ಕೆ ಹಣ ತೆತ್ತು ಮಾಡಿಸುವ ಪರೀಕ್ಷೆ ಜಾತಕ ತೋರಿಸಿದಂತೆಯೇ ಸರಿ.

ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಂದರೆ ವೈದ್ಯರನ್ನು ಹೀಗೆ ಕೇಳಿ: ಈ ವರದಿಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ನುಂಗುವ ಪರೀಕ್ಷೆ ಆಗಿದೆಯೇ? ವ್ಯಾಯಾಮ ಯಾವಾಗ ಆರಂಭ, ಮನೆಯಲ್ಲಿ ನಾವೇನು ಮಾಡಬೇಕು? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮಲ್ಲಿ ವೈದ್ಯರಾದವರು ಹಲವರಿದ್ದೀರಿ. ಈ ಬಗ್ಗೆ ನಿಮ್ಮ ಅಭಿಪ್ರಾಯವನ್ನು ದಯವಿಟ್ಟು ಬರೆದು ತಿಳಿಸಿ.