ಮುಂದಿನ ಗಂಟೆಯನ್ನು ಕಾಣದ ವಿದ್ಯುತ್ ಮಾರುಕಟ್ಟೆ

೨೦೨೦ನೆಯ ಇಸವಿಯ ಏಪ್ರಿಲ್ ೫ರ ರಾತ್ರಿಯನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಕೊರೋನಾ ವ್ಯಾಧಿಯ ದಿಗ್ಬಂಧನದ ಆ ದಿನಗಳಲ್ಲಿ, ಪ್ರಧಾನಮಂತ್ರಿಗಳ ಕರೆಯಂತೆ, ಒಂಬತ್ತು ಗಂಟೆಗೆ ಸರಿಯಾಗಿ ಒಂಬತ್ತು ನಿಮಿಷಗಳ ಕಾಲ ದೇಶದ ಮನೆಮನೆಗಳಲ್ಲಿ ವಿದ್ಯುದ್ದೀಪಗಳು ಆರಿದುವು, ಹಣತೆಗಳು ಬೆಳಗಿದುವು. ಜನರ ಕಣ್ಣು ಹಣತೆಯ ಮೇಲಿದ್ದಾಗ ವಿದ್ಯುಜ್ಜಾಲವನ್ನು ನಡೆಸುವ ಇಂಜಿನಿಯರುಗಳ ಕಣ್ಣು ಒಂದು ಅಂಕಿಯ ಮೇಲೆ ನೆಟ್ಟಿತ್ತು. ಆ ಅಂಕಿ ೫೦ ಹರ್ಟ್ಸ್.

ವಿದ್ಯುಜ್ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮನಾಗಿರಬೇಕು. ಉತ್ಪಾದನೆ ಮಿಕ್ಕರೆ ಆ ಹೆಚ್ಚುವರಿಯು ತಿರುಗುತ್ತಿರುವ ಯಂತ್ರಗಳಲ್ಲಿ ಚಲನಶಕ್ತಿಯಾಗಿ ಸೇರಿ ಆವೃತ್ತಿಯು ಏರುತ್ತದೆ. ಕೊರತೆ ಬಿದ್ದರೆ ಇಳಿಯುತ್ತದೆ. ಏರಿಳಿತವು ಮಿತಿಮೀರಿದರೆ ಯಂತ್ರಗಳು ಆತ್ಮರಕ್ಷಣೆಗಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಆ ರಾತ್ರಿ ಬೇಡಿಕೆಯು ಸುಮಾರು ೧೩,೦೦೦ ಮೆಗಾವಾಟಿನಷ್ಟು ಕುಸಿಯಬಹುದೆಂದು ಅಂದಾಜು ಮಾಡಲಾಗಿತ್ತು. ಕುಸಿದುದು ಸುಮಾರು ೩೧,೦೦೦ ಮೆಗಾವಾಟ್! ಆದರೂ ಆವೃತ್ತಿಯು ೪೯.೭೦ಕ್ಕೂ ೫೦.೨೬ಕ್ಕೂ ನಡುವೆಯೇ ನಿಂತಿತು.

ಇದು ಹೇಗೆ ಸಾಧ್ಯವಾಯಿತು? ನೀರಿನ ಯಂತ್ರವನ್ನು ನಿಮಿಷಗಳಲ್ಲಿ ಏರಿಸಬಹುದು, ಇಳಿಸಬಹುದು. ಆದುದರಿಂದ ಸಂಜೆಯ ಬೇಡಿಕೆಯನ್ನು ಬಹುಮಟ್ಟಿಗೆ ಕಲ್ಲಿದ್ದಲು ಹಾಗೂ ಅನಿಲಗಳಿಂದ ಪೂರೈಸಿ, ಜಲವಿದ್ಯುದಾಗಾರಗಳನ್ನು ಒಂಬತ್ತು ಗಂಟೆಗೆಂದು ಕಾಯ್ದಿರಿಸಿದರು. ೮.೪೫ರಿಂದ ೯.೧೦ರ ವರೆಗಿನ ಇಪ್ಪತ್ತೈದು ನಿಮಿಷಗಳಲ್ಲಿ ಜಲವಿದ್ಯುತ್ತೊಂದನ್ನೇ ೧೭,೫೦೦ ಮೆಗಾವಾಟಿನಷ್ಟು ಇಳಿಸಿ, ಕೂಡಲೇ ಮತ್ತೆ ಏರಿಸಿದರು. ಸಂಜೆ ಏಳು ಗಂಟೆಯ ಲೆಕ್ಕವನ್ನು ಮಾತ್ರ ನೋಡುವವನಿಗೆ, ಅಗ್ಗವಾದ ನೀರನ್ನು ತಡೆದು ದುಬಾರಿಯಾದ ಅನಿಲವನ್ನು ಉರಿಸಿದುದು ಶುದ್ಧ ಅವಿವೇಕವಾಗಿ ತೋರೀತು. ಒಂಬತ್ತು ಗಂಟೆಯನ್ನು ಬಲ್ಲವನಿಗೆ ಮಾತ್ರ ಅದು ವಿವೇಕ.

ಇದಾಗಿ ಎರಡು ತಿಂಗಳು ತುಂಬುವ ಮೊದಲೇ, ೨೦೨೦ರ ಜೂನ್ ೧ರಂದು, ನಮ್ಮ ದೇಶದಲ್ಲಿ ತತ್ಕಾಲದ ವಿದ್ಯುತ್ ಮಾರುಕಟ್ಟೆಯು ಆರಂಭವಾಯಿತು. ಅದರಲ್ಲಿ ದಿನಕ್ಕೆ ೪೮ ಹರಾಜುಗಳು. ಒಂದೊಂದು ಹರಾಜೂ ಅರ್ಧ ಗಂಟೆಯ ವಿದ್ಯುತ್ತಿಗೆ ಸಂಬಂಧಿಸಿದುದು. ಹರಾಜು ಮುಚ್ಚಿದ ಒಂದು ಗಂಟೆಗೆ ಆ ವಿದ್ಯುತ್ತಿನ ಪೂರೈಕೆ ಮೊದಲಾಗುತ್ತದೆ. ಹಿಂದಿನ ದಿನವೇ ಕೊಳ್ಳುವ ಲೆಕ್ಕವನ್ನು ಮುಗಿಸಿದವನು ಮೋಡ ಕವಿದಾಗ, ಗಾಳಿ ನಿಂತಾಗ ತನ್ನ ಲೆಕ್ಕವನ್ನು ತಿದ್ದಿಕೊಳ್ಳಲು ಇದರಿಂದ ಅವಕಾಶ ದೊರೆಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಒಂದು ಹರಾಜಿನ ಗಣಿತವು ತನ್ನ ಅರ್ಧ ಗಂಟೆಯಿಂದಾಚೆಗೆ ಏನನ್ನೂ ಕಾಣದು. ನನ್ನ ಆಕ್ಷೇಪಣೆ ಇರುವುದು ಇಲ್ಲಿ.

ತರಗತಿಯಲ್ಲಿ ವೇಗಕ್ಕೂ ವೇಗೋತ್ಕರ್ಷಕ್ಕೂ ಇರುವ ಭೇದವನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು. ಮಾರುಕಟ್ಟೆಯೂ ಅದೇ ತಪ್ಪನ್ನು ಮಾಡುತ್ತಿದೆಯೆಂದರೆ ವಿದ್ಯಾರ್ಥಿಗಳಿಗೆ ಸಮಾಧಾನವಾದೀತು. ಒಂದು ಸ್ಥಾವರವು ಎಷ್ಟು ಮೆಗಾವಾಟ್ ಕೊಡಬಲ್ಲುದೆಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಅಲ್ಲಿಗೆ ಏರಬಲ್ಲುದೆಂಬುದು ಇನ್ನೊಂದು. ೫೦೦ ಮೆಗಾವಾಟಿನ ಕಲ್ಲಿದ್ದಲಿನ ಘಟಕವು ನಿಮಿಷಕ್ಕೆ ಶೇಕಡಾ ಒಂದರಂತೆ ಏರಿದರೆ ನಿಮಿಷಕ್ಕೆ ೫ ಮೆಗಾವಾಟ್ ಮಾತ್ರ. ಬಾಯ್ಲರಿನ ದಪ್ಪ ಲೋಹವನ್ನು ಅವಸರದಿಂದ ಕಾಯಿಸಿದರೆ ಅದು ಬಿರಿಯುವ ಭಯವುಂಟು. ಇತ್ತ ಪಾವಗಡದ ೨,೦೫೦ ಮೆಗಾವಾಟಿನ ಸೌರ ಉದ್ಯಾನವು ಸಂಜೆಯಾದೊಡನೆ ಬರಿದಾಗುತ್ತದೆ. ಅದೇ ಹೊತ್ತಿಗೆ ಊರೂರಿನ ದೀಪಗಳು ಹೊತ್ತುತ್ತವೆ. ಆ ಇಳಿಜಾರನ್ನು ತುಂಬಲು ೧,೦೩೫ ಮೆಗಾವಾಟಿನ ಶರಾವತಿಯ ಆಗಾರದಂತಹವು ಬಲು ಅನುಕೂಲ. ಆದರೆ ಲಿಂಗನಮಕ್ಕಿಯ ನೀರು ಒಂದು ಮಳೆಗಾಲದ ಗಳಿಕೆ. ಮಧ್ಯಾಹ್ನ ಹರಿಯಿಸಿದ ನೀರು ಸಂಜೆಗೆ ಉಳಿಯುವುದಿಲ್ಲ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ‘ಅ’ ಎಂಬ ಸ್ಥಾವರವು ಯೂನಿಟ್ಟಿಗೆ ೩ ರೂಪಾಯಿಯಂತೆ ೩೦೦ ಮೆಗಾವಾಟಿನ ವರೆಗೆ ಬೇಕಾದಂತೆ ಕೊಡಬಲ್ಲುದು. ‘ಆ’ ಎಂಬುದರ ಖರ್ಚು ೪ ರೂಪಾಯಿ. ಅದು ಅರ್ಧ ಗಂಟೆಗೆ ೩೦ ಮೆಗಾವಾಟ್ ಮಾತ್ರ ಏರಬಲ್ಲುದು. ಈಗಿನ ಬೇಡಿಕೆ ೨೮೦, ಮುಂದಿನ ಅರ್ಧ ಗಂಟೆಗೆ ೩೫೦ ಎಂದಿಟ್ಟುಕೊಳ್ಳಿ. ಈಗಿನದನ್ನಷ್ಟೇ ನೋಡುವ ಹರಾಜು ಪೂರ್ತಿ ೨೮೦ನ್ನೂ ‘ಅ’ದಿಂದಲೇ ಕೊಳ್ಳುತ್ತದೆ. ಮುಂದೆ ‘ಅ’ದಿಂದ ೩೦೦, ‘ಆ’ದಿಂದ ೩೦ ಸೇರಿ ೩೩೦ ಆಗುವುದಷ್ಟೆ, ೨೦ ಮೆಗಾವಾಟ್, ಎಂದರೆ ೧೦,೦೦೦ ಯೂನಿಟ್, ಕೊರತೆ. ಮುಂದನ್ನು ನೋಡಬಲ್ಲವನಾದರೋ ಈಗಲೇ ‘ಆ’ವನ್ನು ೨೦ರಲ್ಲಿ ನಡೆಸಿ, ಮುಂದೆ ೫೦ಕ್ಕೆ ಏರಿಸುತ್ತಾನೆ. ಅದಕ್ಕೆ ತಗಲುವ ಹೆಚ್ಚಿನ ಖರ್ಚು ೧೦,೦೦೦ ರೂಪಾಯಿ. ಇಷ್ಟು ಹಣಕ್ಕಾಗಿ ಒಂದು ಪಟ್ಟಣವನ್ನು ಕತ್ತಲೆಯಲ್ಲಿಡುವುದು ಮಿತವ್ಯಯವೆ?

ಇಂತಹ ಮುಂಗಾಣ್ಕೆಯ ಲೆಕ್ಕ ಬೇರೆಡೆಗಳಲ್ಲಿ ರೂಢಿಗೆ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯದ ಜಾಲದಲ್ಲಿ ಐದೈದು ನಿಮಿಷಕ್ಕೆ ಒಮ್ಮೆ ಗಣಕಯಂತ್ರವು ಮುಂದಿನ ಸುಮಾರು ಒಂದು ಗಂಟೆಯನ್ನು ಒಟ್ಟಿಗೆ ಲೆಕ್ಕಹಾಕುತ್ತದೆ. ಮೊದಲ ಐದು ನಿಮಿಷಗಳ ಆಜ್ಞೆ ಮಾತ್ರ ಖಚಿತ, ಉಳಿದುದೆಲ್ಲ ಸೂಚನೆ. ಐದು ನಿಮಿಷ ಕಳೆದೊಡನೆ ಹೊಸ ಲೆಕ್ಕ.

ಆದರೆ ಇಲ್ಲಿಯೂ ಒಂದು ತೊಡಕಿದೆ. ನಮ್ಮ ಲೆಕ್ಕಕ್ಕೇ ಮರಳೋಣ. ಈಗಿನ ಬೆಲೆ ‘ಅ’ದ ೩ ರೂಪಾಯಿ, ‘ಆ’ ೪ ರೂಪಾಯಿ ಖರ್ಚುಮಾಡಿ ನಷ್ಟದಲ್ಲಿ ನಡೆಯುತ್ತಿದೆ. ಎರಡನ್ನೂ ಕೂಡಿಸಿ ಗಣಿಸಿದಾಗ ಮುಂದಿನ ಅರ್ಧ ಗಂಟೆಗೆ ೫ ರೂಪಾಯಿ ಬೆಲೆ ಕಟ್ಟಿ ಆ ನಷ್ಟವನ್ನು ತುಂಬಿಕೊಡುವ ಭರವಸೆ ಸಿಕ್ಕುತ್ತದೆ. ಆದರೆ ಆ ಹೊತ್ತು ಬಂದಾಗ ಲೆಕ್ಕ ಹೊಸದಾಗಿ ನಡೆಯುವುದಷ್ಟೆ. ಕಳೆದುದನ್ನು ಅದು ಮರೆತಿರುತ್ತದೆ. ಬೇಡಿಕೆ ೩೫೦ರ ಬದಲು ೩೪೫ ಆಯಿತೆನ್ನಿ; ಬೆಲೆ ೪ ರೂಪಾಯಿಗೆ ನಿಲ್ಲುತ್ತದೆ, ‘ಆ’ದ ಹತ್ತು ಸಾವಿರ ರೂಪಾಯಿ ಹೋದಂತೆಯೇ. ಎರಡನೆಯ ಸಲ ಕರೆದರೆ ಅದು ಓಗೊಡುವುದೇಕೆ? ಕ್ಯಾಲಿಫೋರ್ನಿಯದವರು ೨೦೧೬ರಿಂದ ಏರಲು ಸಿದ್ಧವಾಗಿರುವ ಸಾಮರ್ಥ್ಯಕ್ಕೆ ಪ್ರತ್ಯೇಕವಾಗಿ ಬೆಲೆ ಕೊಡತೊಡಗಿದರು. ನಮ್ಮಲ್ಲಿಯೂ ಮೀಸಲು ವಿದ್ಯುತ್ತಿನ ಏರ್ಪಾಡಿದೆ. ಆದರೆ ಅನಿರೀಕ್ಷಿತವಾದ ಕೊರತೆಗೆಂದು ಇಟ್ಟ ಮೀಸಲನ್ನು ದಿನದಿನವೂ ತಪ್ಪದೆ ಬರುವ ಸಂಜೆಗಾಗಿ ತೆಗೆಯುವುದು, ಬರಗಾಲಕ್ಕೆಂದು ಕಟ್ಟಿದ ಕಣಜಕ್ಕೆ ಹಬ್ಬದ ಅಡಿಗೆಗಾಗಿ ಕೈಹಾಕಿದಂತೆ.

ಮುನ್ನಂದಾಜು ಸುಳ್ಳಾಗಬಹುದು, ಸುಳ್ಳನ್ನು ನಂಬಿ ಹಣ ಚೆಲ್ಲುವುದೇಕೆ, ಎಂಬ ವಾದವುಂಟು. ಏಪ್ರಿಲ್ ೫ರ ಅಂದಾಜು ಅರ್ಧಕ್ಕರ್ಧ ತಪ್ಪಿತ್ತೆಂಬುದನ್ನು ಇವರು ಜ್ಞಾಪಿಸಿಕೊಳ್ಳಬೇಕು. ಅಂದಾಜು ತಪ್ಪಿದರೂ ಜಾಲವು ಉಳಿಯಿತು. ಏಕೆಂದರೆ ಆ ಸಂಜೆ ನೀರು ಅಣೆಕಟ್ಟುಗಳಲ್ಲಿ ಕಾದುನಿಂತಿತ್ತು. ಅಂದು ಅದು ಕಾದುದು ಆಜ್ಞೆಯ ಬಲದಿಂದ. ದಿನವೂ ಹಾಗೆ ಕಾಯಬೇಕಾದರೆ, ಹರಾಜು ಅರ್ಧ ಗಂಟೆಯ ಬದಲು ಮೂರು ನಾಲ್ಕು ಗಂಟೆಗಳನ್ನು ಕೂಡಿಸಿ ನೋಡಲಿ. ‘ಆ’ದ ಹತ್ತು ಸಾವಿರ ರೂಪಾಯಿಯನ್ನು ಕೊಡತಕ್ಕವರು ಯಾರೆಂಬುದನ್ನು ಯಂತ್ರ ತಿರುಗುವ ಮೊದಲೇ ಬರೆದಿಡಲಿ.