ಮುತ್ತತ್ತಿಯಲ್ಲಿ ಮೌನ: ಒಂದು ತಕರಾರು

ಮೌನದ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೊಂದು ಗಂಟೆ ಕಣ್ಣು ಮುಚ್ಚಿ ಕೂರುವ ಅಭ್ಯಾಸ ನನಗೂ ಇದೆ, ಅದರಿಂದ ಉಪಯೋಗವೂ ಆಗಿದೆ. ನನ್ನ ತಕರಾರು ಇರುವುದು ಮೌನವನ್ನು ಟೆಂಟಿನ ಜೊತೆ ಗಂಟು ಹಾಕಿ, ಕಾಡಿನಂಚಿಗೆ ತಂದು ಮಾರುವ ಪರಿಪಾಠದ ಮೇಲೆ. ಬುದ್ಧನ ಹೆಸರು ಹೇಳಿಕೊಂಡು ಕಾವೇರಿ ದಡದಲ್ಲಿ ಮೂರು ದಿನ ಮಾತು ಬಿಟ್ಟು ಕೂರುವುದು ಬೆಂಗಳೂರಿನ ಒಂದು ವರ್ಗದವರಿಗೆ ಈಗ ವಾರಾಂತ್ಯದ ವ್ರತವಾಗಿದೆ. ಅದು ಬುದ್ಧ ಹೇಳಿದ ದಾರಿಯೂ ಅಲ್ಲ, ಕಾಡಿಗೆ ಹಿತವೂ ಅಲ್ಲ ಎಂಬುದು ನನ್ನ ವಾದ. ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಮುತ್ತತ್ತಿಯ ಹತ್ತಿರ ಅಂಥದೊಂದು ಶಿಬಿರದಲ್ಲಿ ಎರಡು ರಾತ್ರಿ ಮಲಗಿ ಎದ್ದು ಬಂದವನಾಗಿ ಹೇಳುತ್ತಿದ್ದೇನೆ.

ಮುತ್ತತ್ತಿ ಎಂಥ ಜಾಗ ಎಂಬುದನ್ನು ಮೊದಲು ಹೇಳಬೇಕು. ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ, ಕಾಡಿನ ತಿರುವುಗಳಲ್ಲಿ ಇಳಿಯುತ್ತಾ ಹೋದರೆ ಕಾವೇರಿ ಎದುರಾಗುತ್ತದೆ. ದಡದಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು. ಅಲ್ಲೇ ಮುತ್ತತ್ತಿರಾಯನ ಗುಡಿ. ಹೊಳೆಯಲ್ಲಿ ಮೀಯುವಾಗ ಸೀತಮ್ಮನ ಮುತ್ತಿನ ಮೂಗುತಿ ನೀರಿಗೆ ಬಿತ್ತೆಂದೂ, ಹನುಮಂತ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟನೆಂದೂ ಸ್ಥಳದ ಕತೆ. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಮುತ್ತುರಾಜ ಎಂದು ಹೆಸರಿಟ್ಟದ್ದು ಈ ದೇವರ ನೆನಪಿಗೆ. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯ ಎಷ್ಟೋ ಮನೆಗಳಿಗೆ ಇವನೇ ಮನೆದೇವರು. ಟೆಂಪೊ ಮಾಡಿಕೊಂಡು ಬರುತ್ತಾರೆ, ಮಗುವಿನ ಮುಡಿ ತೆಗೆಸುತ್ತಾರೆ, ದಡದಲ್ಲಿ ಕಲ್ಲು ಹೂಡಿ ಅಡಿಗೆ ಮಾಡಿ ನೆಂಟರಿಷ್ಟರಿಗೆಲ್ಲ ಬಡಿಸುತ್ತಾರೆ. ಗದ್ದಲ ಇಲ್ಲಿಯ ದೇವರಿಗೆ ಹೊಸದಲ್ಲ.

ಅದೇ ಹೊತ್ತಿಗೆ ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಸರಹದ್ದು. ಆನೆ, ಮೊಸಳೆ, ನೀರುನಾಯಿ, ಹೊಳೆಯಲ್ಲಿ ಬಿಳಿಮೀನು, ಮರದ ಮೇಲೆ ಬೂದುಬಣ್ಣದ ದೊಡ್ಡ ಅಳಿಲು. ಈ ಅಳಿಲು ಒಂದು ಮರದ ಕೊಂಬೆಯಿಂದ ಇನ್ನೊಂದಕ್ಕೆ ಹಾರಿಕೊಂಡೇ ಬದುಕುವ ಪ್ರಾಣಿ. ದಡದ ಮರಗಳ ಸಾಲು ಕಡಿದರೆ ಅದರ ದಾರಿಯೇ ಕಡಿದಂತೆ. ಹಗಲು ಭಕ್ತರದು, ರಾತ್ರಿ ನೀರಿಗಿಳಿಯುವ ಪ್ರಾಣಿಗಳದು ಎಂಬ ಒಂದು ಬರೆಯದ ಕರಾರು ಇಲ್ಲಿ ಹೇಗೋ ನಡೆದುಕೊಂಡು ಬಂದಿದೆ.

ನಮ್ಮ ಶಿಬಿರ ಇದ್ದದ್ದು ಕಾಡಿಗೆ ತಾಗಿದ ಒಂದು ಖಾಸಗಿ ಜಮೀನಿನಲ್ಲಿ. ಇಪ್ಪತ್ತು ಜನ, ಹತ್ತು ಟೆಂಟು. ಮೊದಲ ಸಂಜೆ ಮೊಬೈಲು ಇಸಿದುಕೊಂಡು, ಇನ್ನು ಮಾತು ಬೇಡ, ಕಣ್ಣಿಗೆ ಕಣ್ಣು ಕೊಡುವುದೂ ಬೇಡ ಎಂದರು. ಒಳ್ಳೆಯದೇ. ಆದರೆ ಅಡಿಗೆ ಮನೆಯ ಜನರೇಟರು ರಾತ್ರಿ ಹತ್ತರವರೆಗೆ ಗುಡುಗುಡು ಅನ್ನುತ್ತಿತ್ತು. ಕತ್ತಲಾದ ಮೇಲೆ ದೊಡ್ಡ ಬೆಂಕಿ ಹಾಕಿ, ಅದನ್ನು ನೋಡುತ್ತಾ ಕೂರುವುದೂ ಧ್ಯಾನವೇ ಎಂದರು. ಮಾರನೆಯ ಬೆಳಿಗ್ಗೆ ಸ್ವಲ್ಪ ದೂರದಲ್ಲಿ ತಮಟೆ ಸದ್ದು ಕೇಳಿಸಿತು. ಮುಡಿ ಕೊಡಲು ಬಂದ ಕುಟುಂಬವೊಂದು ಮರದಡಿ ಇಳಿದುಕೊಂಡಿತ್ತು. ವ್ಯವಸ್ಥಾಪಕರಲ್ಲೊಬ್ಬರು ಹೋಗಿ, ಇಲ್ಲಿ ಧ್ಯಾನ ನಡೀತಿದೆ ಎಂದು ಹೇಳಿ ಬಂದರು. ಪಾಪ, ಅವರು ತಮಟೆ ನಿಲ್ಲಿಸಿ, ಪಾತ್ರೆಪಡಗ ಎತ್ತಿಕೊಂಡು ಬೇರೆ ಕಡೆ ಹೋದರು. ಇಪ್ಪತ್ತು ಜನ ಕಣ್ಣು ಮುಚ್ಚಿಕೊಂಡು ಮೈತ್ರಿ ಭಾವನೆ ಮಾಡುತ್ತಿದ್ದಾಗ ನಡೆದ ಸಂಗತಿ ಇದು.

ರಾತ್ರಿ ಕಾವಲಿಗೆ ಪಕ್ಕದ ಹಳ್ಳಿಯವರೊಬ್ಬರಿದ್ದರು. ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಒಂದು ಖಾಲಿ ಡಬ್ಬ, ಒಂದು ಪೊಟ್ಟಣ ಪಟಾಕಿ. ಎರಡನೆಯ ರಾತ್ರಿ ಬಿದಿರು ಮುರಿಯುವ ಸದ್ದಾಯಿತು. ಅವರು ಡಬ್ಬ ಬಡಿದರು, ಗಂಟಲು ಹರಿಯುವ ಹಾಗೆ ಕೂಗಿದರು, ಎರಡು ಪಟಾಕಿ ಸಿಡಿಸಿದರು. ಆನೆ ನೀರು ಕುಡಿಯದೆ ಹಿಂದಕ್ಕೆ ಹೋಯಿತು. ನಾವು ಟೆಂಟಿನೊಳಗೆ ವ್ರತಭಂಗವಾಗದಂತೆ ಮಲಗಿದ್ದೆವು. ಬೆಳಿಗ್ಗೆ ಕಾಫಿ ಲೋಟ ಕೊಡುತ್ತಾ ಆತ ಮೆಲ್ಲಗೆ ಕೇಳಿದರು, "ನೀವು ಬಾಯಿ ಬಿಡಂಗಿಲ್ಲ ಅಂತಾರಲ್ಲ ಸಾ, ಆನೆ ಮೇಲೆ ಬಿದ್ರೂವೆ ಕೂಗಂಗಿಲ್ವಾ?"

ವ್ರತ ಅಲ್ಲಿಗೆ ಬಿಟ್ಟೆ. "ಕೂಗ್ಬೇಕು ಕಣಣ್ಣ" ಅಂದೆ.

"ನಿಮ್ ಪಾಲಿಂದೂ ನಾನೇ ಕೂಗ್ತಾ ಇವ್ನಿ ಬುಡಿ" ಎಂದು ನಕ್ಕು ಹೊರಟು ಹೋದರು.

ನನ್ನ ವಾದವೆಲ್ಲ ಆ ಮಾತಿನಲ್ಲಿದೆ. ಇಪ್ಪತ್ತು ಜನರ ಮೌನಕ್ಕೆ ಒಬ್ಬನ ಗಂಟಲು, ಒಂದು ಕುಟುಂಬದ ತಮಟೆ, ಒಂದು ಆನೆಯ ಬಾಯಾರಿಕೆ ಖರ್ಚಾಗಿತ್ತು. ನಾವು ಕೊಟ್ಟದ್ದು ದುಡ್ಡು ಮಾತ್ರ.

ಇದನ್ನೆಲ್ಲ ಬುದ್ಧನ ಹೆಸರಿನಲ್ಲಿ ಮಾಡಿದ್ದರಿಂದ ಬುದ್ಧನನ್ನೇ ಕೇಳೋಣ. ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳೂ ಒಬ್ಬರಿಗೊಬ್ಬರು ಮಾತಾಡದೆ ಕಳೆದು, ಜಗಳವಿಲ್ಲದೆ ಸುಖವಾಗಿದ್ದೆವು ಎಂದು ಹೆಮ್ಮೆಯಿಂದ ಬಂದು ಹೇಳುತ್ತಾರೆ. ಬುದ್ಧ ಮೆಚ್ಚಿ ತಲೆದೂಗುವುದಿಲ್ಲ. ದನ ಕುರಿಗಳು ಒಟ್ಟಿಗಿದ್ದಂತೆ ಇದ್ದು ಬಂದಿರಿ ಎಂದು ಗದರಿಸಿ, ಮೂಕವ್ರತವನ್ನೇ ನಿಷೇಧಿಸುತ್ತಾನೆ. ಅದರ ಬದಲಿಗೆ ಪವಾರಣೆ ಎಂಬ ಪದ್ಧತಿ ಹಾಕಿಕೊಡುತ್ತಾನೆ. ಮಳೆಗಾಲ ಮುಗಿದ ದಿನ ಪ್ರತಿಯೊಬ್ಬ ಭಿಕ್ಷುವೂ ಕೈಮುಗಿದು, ನನ್ನಲ್ಲಿ ನೀವು ಕಂಡ, ಕೇಳಿದ, ಶಂಕಿಸಿದ ತಪ್ಪನ್ನು ಹೇಳಿ ಎಂದು ಉಳಿದವರನ್ನು ಬೇಡಿಕೊಳ್ಳಬೇಕು. ಆರ್ಯ ಮೌನ ಎಂಬ ಮಾತೂ ಬುದ್ಧನದೇ, ಸುಳ್ಳಲ್ಲ. ಭಿಕ್ಷುಗಳು ಸೇರಿದಾಗ ಧರ್ಮದ ಮಾತಾಡಬೇಕು, ಇಲ್ಲವೇ ಆರ್ಯ ಮೌನದಲ್ಲಿರಬೇಕು ಎಂದ. ಎರಡನ್ನೂ ಜೊತೆಗಿಟ್ಟೇ ಹೇಳಿದ. ನಮ್ಮ ಶಿಬಿರಗಳು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೈಬಿಟ್ಟಿವೆ.

ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ವರ್ಷಾವಾಸದ ನಿಯಮ ಹುಟ್ಟಿದ್ದಾದರೂ ಏಕೆ? ಭಿಕ್ಷುಗಳು ಮಳೆಯಲ್ಲಿ ಅಲೆಯುತ್ತಾ ಹಸಿರು ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಗಳನ್ನು ಕೊಲ್ಲುತ್ತಾರೆ, ಹಕ್ಕಿಗಳೂ ಈ ಕಾಲದಲ್ಲಿ ಗೂಡು ಸೇರುತ್ತವೆ ಎಂದು ಜನ ದೂರಿದ್ದರಿಂದ. ಜನರ ದೂರು ಕೇಳಿ ಬುದ್ಧ ತನ್ನ ಸಂಘವನ್ನು ನಿಲ್ಲಿಸಿದ. ಭಿಕ್ಷು ನೆಲ ಅಗೆಯಬಾರದು, ಗಿಡಮರಕ್ಕೆ ಪೆಟ್ಟು ಮಾಡಬಾರದು, ನೀರಿಗೆ ಉಗುಳಬಾರದು. ಕಾಯಿಲೆಯಂಥ ಕಾರಣವಿಲ್ಲದೆ ಮೈ ಕಾಸಿಕೊಳ್ಳಲು ಬೆಂಕಿ ಹಾಕುವುದೂ ತಪ್ಪು. ಆ ನಿಯಮದ ಹಿಂದೊಂದು ಕತೆಯಿದೆ. ಭಿಕ್ಷುಗಳು ಪೊಟರೆ ಬಿದ್ದ ದಿಮ್ಮಿಗೆ ಬೆಂಕಿ ಹಾಕಿದಾಗ ಒಳಗಿದ್ದ ಹಾವು ಸುಟ್ಟುಕೊಂಡು ಹೊರಬಂದು ಅವರನ್ನೇ ಅಟ್ಟಿಸಿತಂತೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಾಕಬಾರದು, ಕಸ ಹಾಕಬಾರದು, ಪ್ರಾಣಿಗಳನ್ನು ಕಾಡಿಸಬಾರದು ಎನ್ನುತ್ತದೆ. ಪಿಟಕ ಮತ್ತು ಕಾಯಿದೆ ಇಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತವೆ.

ಹಾಗಾದರೆ ಬುದ್ಧ ಕಾಡಿಗೆ ಹೋಗು ಎನ್ನಲಿಲ್ಲವೇ ಎಂದು ಕೇಳಬಹುದು. ಖಂಡಿತ ಎಂದ. ಮರದ ಬುಡದಲ್ಲಿ ಕೂರು ಎಂದ. ಆದರೆ ತಾನು ಕಾಡಿನಲ್ಲಿ ಕೂತ ರಾತ್ರಿಗಳನ್ನು ಜಾನುಸ್ಸೋಣಿ ಎಂಬ ಬ್ರಾಹ್ಮಣನಿಗೆ ವಿವರಿಸುವಾಗ ಅವನು ಭಯವನ್ನು ಮುಚ್ಚಿಡುವುದಿಲ್ಲ. ಮೃಗವೊಂದು ಹಾದು ಹೋಗುತ್ತದೆ, ನವಿಲು ಕಡ್ಡಿ ಬೀಳಿಸುತ್ತದೆ, ಗಾಳಿಗೆ ತರಗೆಲೆ ಸರಸರ ಎನ್ನುತ್ತದೆ, ಎದೆ ನಡುಗುತ್ತದೆ. ನಡೆಯುತ್ತಿದ್ದರೆ ನಡೆಯುತ್ತಲೇ, ಕೂತಿದ್ದರೆ ಕೂತಲ್ಲೇ ಆ ಭಯ ಇಳಿಯುವ ತನಕ ಅದನ್ನು ನೋಡಿದೆ ಎನ್ನುತ್ತಾನೆ. ಮೃಗವನ್ನು ಓಡಿಸಲು ಆಳು ಇಟ್ಟಿದ್ದೆ ಎನ್ನುವುದಿಲ್ಲ. ಭಯವನ್ನು ಕೂಲಿಗೆ ಕೊಟ್ಟು ಶಾಂತಿಯನ್ನು ತಾನಿಟ್ಟುಕೊಳ್ಳುವ ಅರಣ್ಯವಾಸ ಇದೆಯಲ್ಲ, ಅದು ನಮ್ಮ ಕಾಲದ್ದು.

ಕಾಡಿಲ್ಲದೆ ಧ್ಯಾನವಾಗದು ಎಂಬುದೂ ಸುಳ್ಳು. ಇಂದು ನಮ್ಮಲ್ಲಿ ಮನೆಮಾತಾಗಿರುವ ಹತ್ತು ದಿನಗಳ ವಿಪಶ್ಯನವನ್ನು ಭಾರತಕ್ಕೆ ತಂದವರು ಬರ್ಮಾದಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ. ಅವರು ಇಲ್ಲಿ ಮೊದಲ ಶಿಬಿರ ನಡೆಸಿದ್ದು 1969ರಲ್ಲಿ, ಬೊಂಬಾಯಿ ನಗರದ ನಡುವೆ. ಅವರ ಗುರು ಊ ಬಾ ಖಿನ್ ಸನ್ಯಾಸಿಯೇ ಅಲ್ಲ. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ. ತಮ್ಮ ಸರ್ಕಾರಿ ಕಚೇರಿಯಲ್ಲೇ ಗುಮಾಸ್ತರಿಗೆ ಧ್ಯಾನ ಹೇಳಿಕೊಟ್ಟವರು. ಫೈಲುಗಳ ನಡುವೆ ಆದದ್ದು ಆನೆದಾರಿಯಲ್ಲೇ ಆಗಬೇಕೆಂದೇನಿಲ್ಲ. ಆ ಶಿಬಿರಗಳ ಮೌನಕ್ಕೂ ಒಂದು ಅಂಕೆ ಉಂಟು. ಶುಲ್ಕವಿಲ್ಲ, ಹಿಂದೆ ಕೂತು ಹೋದವರ ದಾನದಿಂದ ನಡೆಯುತ್ತದೆ. ಅನುಮಾನವಿದ್ದರೆ ಗುರುವಿನ ಜೊತೆ ಮಾತಾಡಬಹುದು. ಹತ್ತನೆಯ ದಿನ ಎಲ್ಲರೂ ಬಾಯಿ ಬಿಡುತ್ತಾರೆ. ದೇಹಕ್ಕೆ ನಾಲ್ಕು ಗೋಡೆ, ಒಂದು ಚಾಪೆ ಸಾಕು. ನಾನು ಆ ಗೋಡೆಗಳ ನಡುವೆ ಕೂತಿದ್ದೇನೆ, ನನಗೆ ನದಿ ಬೇಕೆನಿಸಲಿಲ್ಲ.

ಇನ್ನೊಂದು ಮಾತು. ನಮ್ಮ ಜಿಲ್ಲೆಗಳ ಎಷ್ಟೋ ಕೇರಿಗಳಿಗೆ ಬುದ್ಧ ಬಂದದ್ದು ಅಂಬೇಡ್ಕರ್ ಅವರ ಮೂಲಕ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ್ದು, ತಲೆತಲಾಂತರದಿಂದ ಬಾಯಿ ಮುಚ್ಚಿಸಿಕೊಂಡು ಬಂದವರಿಗೆ ಬಾಯಿ ಕೊಡಲಿಕ್ಕೆ. ಅಲ್ಲಿಯ ಗೋಡೆಗಳ ಮೇಲಿನ ಬುದ್ಧ ಧ್ಯಾನದ ಭಂಗಿಯಲ್ಲಿದ್ದರೂ ಅವನ ಕೆಳಗೆ ಕೂತವರು ಮಾತಾಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅದೇ ಬುದ್ಧನನ್ನು ಹಿಡಿದುಕೊಂಡು ಬಂದು ಹಳ್ಳಿಯವನಿಗೆ 'ಸದ್ದು ಮಾಡಬೇಡ' ಎನ್ನುವುದು ಅನುಚಿತವಷ್ಟೇ ಅಲ್ಲ, ಹಳೆಯ ದರ್ಪ ಹೊಸ ಬಟ್ಟೆ ತೊಟ್ಟು ಬಂದಂತೆ.

ಎದುರುವಾದ ನನಗೆ ಗೊತ್ತು. ಮುತ್ತತ್ತಿಗೆ ಬರುವ ಭಕ್ತರು, ಮೋಜಿಗೆ ಬರುವವರು ಎಸೆಯುವ ಪ್ಲಾಸ್ಟಿಕ್ಕು, ಬಾಟಲಿಗಳ ಮುಂದೆ ಇಪ್ಪತ್ತು ಜನ ಧ್ಯಾನಿಗಳು ಯಾವ ಲೆಕ್ಕ? ನಿಜ. ಆ ಕಸದ ಬಗ್ಗೆಯೂ, ಕುಡಿದು ನೀರಿಗಿಳಿದು ಸುಳಿಗೆ ಸಿಕ್ಕಿ ಸಾಯುವ ಹುಡುಗರ ಬಗ್ಗೆಯೂ ಇಷ್ಟೇ ಜೋರಾಗಿ ಹೇಳಬೇಕು. ಆದರೆ ಒಬ್ಬರ ಕಸ ಇನ್ನೊಬ್ಬರ ಟೆಂಟಿಗೆ ಪರವಾನಗಿಯಾಗುವುದಿಲ್ಲ. ಮುಡಿ ಕೊಡಲು ಬಂದ ಕುಟುಂಬ ಸಂಜೆಗೆ ಟೆಂಪೊ ಹತ್ತುತ್ತದೆ. ನಾವು ಕಾಡಿನ ರಾತ್ರಿಯನ್ನೇ ಬಾಡಿಗೆಗೆ ಹಿಡಿದಿದ್ದೆವು.

ಪಕ್ಕದ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೇ ಕ್ಯಾಂಪು ನಡೆಸುತ್ತಿಲ್ಲವೇ ಎಂದೂ ಕೇಳುತ್ತಾರೆ. ನಡೆಸುತ್ತಿದೆ, ಅದರ ಬಗ್ಗೆಯೂ ಜಗಳವಾಡಬಹುದು. ಆದರೆ ಅದು ತನ್ನನ್ನು ಧರ್ಮ ಎಂದುಕೊಂಡಿಲ್ಲ. ಆ ಕ್ಯಾಂಪು ದೇಶ ವಿದೇಶಗಳಲ್ಲಿ ಹೆಸರಾದದ್ದೇ ಬಿಳಿಮೀನಿಗೆ ಗಾಳ ಹಾಕಿ, ಹಿಡಿದು, ಮತ್ತೆ ಹೊಳೆಗೆ ಬಿಡುವ ಆಟಕ್ಕೆ. ವನ್ಯಜೀವಿಧಾಮದ ಮೀನೂ ವನ್ಯಜೀವಿಯೇ ಎಂಬ ಪ್ರಶ್ನೆ ಎದ್ದಾಗ ಆ ಆಟ ನಿಂತುಹೋಯಿತು. ವ್ಯಾಪಾರವನ್ನು ಕಾನೂನು ತಿದ್ದಬಹುದು. ಕಾವಿ ಹೊದ್ದ ವ್ಯಾಪಾರವನ್ನು ತಿದ್ದುವುದು ಕಷ್ಟ. ಪ್ರಶ್ನೆ ಕೇಳಿದವನಿಗೆ, ನಿಮ್ಮ ಮನಸ್ಸು ಇನ್ನೂ ಶಾಂತವಾಗಿಲ್ಲ ಎಂಬ ಉತ್ತರ ಸಿಗುತ್ತದೆ. ನನಗೂ ಅದೇ ಸಿಕ್ಕಿತು.

ಇಷ್ಟು ಬೈದ ಮೇಲೆ ಏನು ಮಾಡಬೇಕೆಂದೂ ಹೇಳಬೇಕಲ್ಲ. ಮೌನ ಶಿಬಿರ ಮಾಡುವವರು ಹಲಗೂರಿನಲ್ಲೋ ಮಳವಳ್ಳಿಯಲ್ಲೋ ಒಂದು ಛತ್ರ ಹಿಡಿಯಲಿ, ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದ ಶಾಲೆ ಕೇಳಲಿ. ಫ್ಯಾನಿನ ಸದ್ದು, ಬಸ್ಸಿನ ಹಾರನ್ನು, ಪಕ್ಕದ ಮನೆಯ ಒಗ್ಗರಣೆ ಇವುಗಳ ನಡುವೆ ಕೂತು ಉಸಿರು ನೋಡಲಿ. ಕಾವೇರಿ ಬೇಕೆನಿಸಿದರೆ ಹಗಲು ಬಂದು, ಮುತ್ತತ್ತಿರಾಯನ ಒಕ್ಕಲಿನವರ ತಮಟೆ ಪಕ್ಕದಲ್ಲೇ ಹೊಳೆಮತ್ತಿಯ ಕೆಳಗೆ ಒಂದು ಗಂಟೆ ಕೂತು, ಕತ್ತಲಾಗುವ ಮುಂಚೆ ಜಾಗ ಖಾಲಿ ಮಾಡಲಿ. ತಮಟೆಯಿಂದ ಕೆಡುವ ಸಮಾಧಿ ಸೋಮವಾರದ ಆಫೀಸಿನಲ್ಲಿ ಎಷ್ಟು ಹೊತ್ತು ಉಳಿದೀತು?

ಕೊನೆಯ ದಿನ ಪವಾರಣೆ ಮಾಡಲಿ. ಆದರೆ ಒಬ್ಬರನ್ನೊಬ್ಬರು ಹೊಗಳಿಕೊಂಡು ಕಣ್ಣೀರು ಹಾಕುವ ಕಾರ್ಯಕ್ರಮ ಬೇಡ. ಅಡಿಗೆಯವರನ್ನು, ಪಾತ್ರೆ ತೊಳೆದವರನ್ನು, ಕಾವಲು ಕಾದವರನ್ನು ಚಾಪೆಯ ಮೇಲೆ ಕೂರಿಸಿ, ನಮ್ಮಿಂದ ಏನೇನು ತೊಂದರೆಯಾಯಿತು ಹೇಳಿ ಎಂದು ಕೇಳಲಿ. ಅವರು ಹೇಳಿ ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕದಿರಲಿ.